ಮದ್ಯವ್ಯಸನ: ಕುಟುಂಬದವರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ (ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು)

ಮದ್ಯವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆಯೇ ಹೊರತು ನಡತೆಯ ದೋಷವಲ್ಲ. ದೀರ್ಘಕಾಲದ ಸೇವನೆಯಿಂದ ಮಿದುಳು ಮದ್ಯಕ್ಕೆ ಒಗ್ಗಿಕೊಳ್ಳುವುದರಿಂದ, ಬಿಡುವ ಇಚ್ಛೆಯಿದ್ದರೂ ಬಿಡಲಾಗದ ಸ್ಥಿತಿ ಉಂಟಾಗುತ್ತದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಗಿದೆ. ಆದರೆ ನಿಷೇಧದಿಂದಷ್ಟೇ ವ್ಯಸನ ಗುಣವಾಗುವುದಿಲ್ಲ, ಚಿಕಿತ್ಸೆಯೂ ಅಗತ್ಯ.

ಕಳಂಕದ ಪರಿಣಾಮ

ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಒಬ್ಬರ ಮನೆಯ ಸಂಗತಿ ಎಲ್ಲರಿಗೂ ತಿಳಿಯುತ್ತದೆ. “ಕುಡುಕ” ಎಂಬ ಹೆಸರು ಹೆಂಡತಿ ಮಕ್ಕಳಿಗೂ ಅಂಟಿಕೊಳ್ಳುತ್ತದೆ. ಕೆಲಸವೂ ಮನೆಯೂ ತೋಟದ್ದೇ ಆಗಿರುವಾಗ, ಎರಡನ್ನೂ ಕಳೆದುಕೊಳ್ಳುವ ಭಯದಿಂದ ಕಾಯಿಲೆಯನ್ನು ಮರೆಮಾಚುವ ಸಂಭವವಿರುತ್ತದೆ. ಇದರಿಂದ ಚಿಕಿತ್ಸೆ ವಿಳಂಬವಾಗುತ್ತದೆ.

ಎಚ್ಚರಿಕೆ

ಪ್ರತಿದಿನ ಹೆಚ್ಚು ಕುಡಿಯುವವರು ಹಠಾತ್ತನೆ ನಿಲ್ಲಿಸಿದಲ್ಲಿ ಕೈನಡುಕ, ಬೆವರುವಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಮೊದಲ 2 ದಿನಗಳಲ್ಲಿ ಫಿಟ್ಸ್, 2ರಿಂದ 4 ದಿನಗಳಲ್ಲಿ ಭ್ರಮೆ ಮತ್ತು ಗೊಂದಲ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ಆದುದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಪ್ರಯತ್ನಿಸಬಾರದು. ವ್ಯಕ್ತಿಗೆ ತಿಳಿಯದಂತೆ ಊಟದಲ್ಲಿ ಔಷಧಿ ಬೆರೆಸುವುದೂ ಅಪಾಯಕಾರಿ. ಫಿಟ್ಸ್ ಅಥವಾ ಭ್ರಮೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ.

ಕುಟುಂಬದವರು ಗಮನಿಸಬೇಕಾದ ಅಂಶಗಳು

1. ಅಮಲಿನಲ್ಲಿರುವಾಗ ವಾದ ಮಾಡದೆ, ಅಮಲು ಇಳಿದ ನಂತರ ಸಮಾಧಾನದಿಂದ ಮಾತನಾಡಿ.
2. ಇತರರ ಮುಂದೆ ನಿಂದಿಸಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.
3. ಚಿಕಿತ್ಸೆಯ ನಂತರ ಮತ್ತೆ ಕುಡಿದಲ್ಲಿ ಕೈಬಿಡದೆ ವೈದ್ಯರ ಬಳಿ ಪುನಃ ಕರೆದೊಯ್ಯಿರಿ. ಈ ಕಾಯಿಲೆ ಮರುಕಳಿಸುವುದು ಸಾಮಾನ್ಯ.
4. ಅನುಕಂಪವೆಂದರೆ ಹೊಡೆತವನ್ನು ಸಹಿಸುವುದಲ್ಲ. ಹಿಂಸೆ ನಡೆದಲ್ಲಿ 112ಕ್ಕೆ ಕರೆ ಮಾಡಿ.

ಕಾನೂನಿನ ರಕ್ಷಣೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳಿಗೂ ಅನ್ವಯಿಸುತ್ತದೆ. ತಾರತಮ್ಯವಿಲ್ಲದ ಚಿಕಿತ್ಸೆ ಹಾಗೂ ಮಾಹಿತಿಯ ಗೌಪ್ಯತೆ ರೋಗಿಯ ಹಕ್ಕಾಗಿರುತ್ತದೆ.

ಎಲ್ಲಿ ಸಂಪರ್ಕಿಸಬೇಕು

ಮೊದಲಿಗೆ ಸಕಲೇಶಪುರದ ಕ್ರಾಫರ್ಡ್ ಸಾರ್ವಜನಿಕ ಆಸ್ಪತ್ರೆ ಅಥವಾ ಆಲೂರಿನ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿ ಮನಸ್ 14416 ಉಚಿತ ಸೇವೆಗಳಾಗಿವೆ. ರೋಗಿಯು ಒಪ್ಪದಿದ್ದರೂ ಕುಟುಂಬದವರು ಸಲಹೆ ಪಡೆಯಬಹುದು.