ಬ್ಯಾಡಗಿ ಎಂದು ಬೆರಳಚ್ಚು ಮಾಡುವುದು ಹೇಗೆ?

ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆ ಹೊತ್ತಿನ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ರಾಣೆಬೆನ್ನೂರಿನ ಒಂದು ಡಿ.ಟಿ.ಪಿ. ಅಂಗಡಿಗೆ ಅವನು ಹೊಸದಾಗಿ ಸೇರಿದ್ದಾನೆ. ಲಗ್ನಪತ್ರಿಕೆ, ಬೀಜದ ಅಂಗಡಿಯ ಕರಪತ್ರ, ಮೆಣಸಿನಕಾಯಿ ವ್ಯಾಪಾರಿಯ ಬಿಲ್ ಪುಸ್ತಕ ಇವು ಅವನ ಕೆಲಸ. ಪರದೆಯ ಮೇಲೆ ಪೇಜ್‌ಮೇಕರ್. ಅದರ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿ. ಆದರೆ ಅವನಿಗೆ ಮೊದಲ ಅಡ್ಡಿಯಾದದ್ದು ಆ ಪಟ್ಟಿಗಳಲ್ಲ. ಗಿರಾಕಿಯ ಊರು ಬ್ಯಾಡಗಿ. 'ಬ್ಯಾ' ಅಕ್ಷರವನ್ನು ಮೂಡಿಸುವುದು ಹೇಗೆ?

ಪೇಜ್‌ಮೇಕರ್ ಹುಟ್ಟಿದ್ದೇ ಸುಲಭಗೊಳಿಸುವ ಉದ್ದೇಶದಿಂದ. 1985ರಲ್ಲಿ ಆಲ್ಡಸ್ ಕಂಪನಿ ಅದನ್ನು ಹೊರತಂದಾಗ, ಅಚ್ಚುಕೂಟದಲ್ಲಿ ಕಾಗದದ ತುಂಡುಗಳನ್ನು ಕತ್ತರಿಸಿ ಅಂಟಿಸುವ ಮೇಜನ್ನೇ ಪರದೆಯ ಮೇಲೆ ತೋರಿಸಿತ್ತು. ಕೈಕೆಲಸ ಬಲ್ಲವನಿಗೆ ಅದು ಪರಿಚಿತ ಜಾಗ. ಆದರೆ ಆ ಮೇಜಿನ ಮೇಲೆ ಇಡಬೇಕಾದ ಅಕ್ಷರ ರೋಮನ್ ಎಂದು ಅದು ಭಾವಿಸಿತ್ತು.

ಕನ್ನಡದ ಲೆಕ್ಕ ಬೇರೆ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳು. ಒಂದು ಒತ್ತಕ್ಷರವನ್ನೂ ಸೇರಿಸಿದರೆ 15,028 ಸಾಧ್ಯತೆಗಳು (ಬಳಕೆಯಲ್ಲಿರುವುವು ಇದರ ಸಣ್ಣ ಪಾಲು ಮಾತ್ರ). ಟೈಪ್‌ರೈಟರ್ ಇದನ್ನು ಬಿಡಿಸಿದ್ದು ಅಕ್ಷರಗಳನ್ನು ತುಂಡು ಮಾಡಿ: ಅಕ್ಷರದ ಒಡಲು, ದೀರ್ಘದ ಗುರುತು, ಕೆಳಗಿನ ಒತ್ತು, ಎಲ್ಲವೂ ಬೇರೆ ಬೇರೆ. ಬೆರಳಚ್ಚುಗಾರ ಬರೆಯುತ್ತಿದ್ದುದು ಧ್ವನಿಯನ್ನಲ್ಲ, ಆಕಾರವನ್ನು. ಯಾವ ತುಂಡು ಎಲ್ಲಿದೆ, ಯಾವುದು ಮೊದಲು ಎಂಬುದನ್ನೆಲ್ಲ ಅವನೇ ನೆನಪಿಡಬೇಕು. ತಿಂಗಳುಗಟ್ಟಲೆ ಕಲಿಕೆ ಬೇಕಾದದ್ದು ಇದಕ್ಕಾಗಿ.

ಈ ಹೊರೆಯನ್ನು ಮನುಷ್ಯನಿಂದ ಯಂತ್ರಕ್ಕೆ ದಾಟಿಸಿದವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಮೊನೋಟೈಪ್‌ನಲ್ಲೂ ದುಡಿದವರು. ಭಾಷೆ ಮತ್ತು ಅಚ್ಚು ಎರಡನ್ನೂ ಬಲ್ಲವರು. ಅವರ ವಿಚಾರ ಸರಳ: ಬಳಸುವವನು ಉಚ್ಚಾರಣೆಯ ಕ್ರಮದಲ್ಲಿ ಕೀಲಿ ಒತ್ತಲಿ, ಆಕಾರವನ್ನು ಗಣಕ ಹುಡುಕಿಕೊಳ್ಳಲಿ. 'ಬ್ಯಾಡಗಿ'ಗೆ ಬಿ, ಎಫ್, ವೈ, ದೊಡ್ಡ ಎ, ಡಬ್ಲ್ಯು, ಜಿ, ಐ ಎಂಬ 7 ಕೀಲಿಗಳು ಸಾಕು. ಎಫ್ ಎಂದರೆ ಹಲಂತ. ಒತ್ತಕ್ಷರಗಳಿಗೆಂದು ಬೇರೆ ಕೀಲಿಯೇ ಇಲ್ಲ. ರಾಣೆಬೆನ್ನೂರಿಗೆ 12 ಕೀಲಿಗಳು. ತರಗತಿಯಲ್ಲಿ ಮಕ್ಕಳಿಂದ ಎಣಿಸಿ ನೋಡಿಸಬಹುದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು.

ಇದಕ್ಕೆ ಎದುರಾಳಿಯೂ ಇತ್ತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಒಪ್ಪಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. 'ಹಾವೇರಿ' ಎರಡರಲ್ಲೂ 6 ಕೀಲಿಗಳೇ. ಶಿಫ್ಟ್ ಕೀಲಿಯನ್ನೂ ಎಣಿಸಿದರೆ ಇನ್‌ಸ್ಕ್ರಿಪ್ಟೇ ಹಗುರ! ಒಮ್ಮೆ ಕಲಿತರೆ ತೆಲುಗು, ಹಿಂದಿಗೂ ಅದೇ ಜಾಗಗಳು. ಆದರೆ ಹೊಸಬನಿಗೆ ಯು ಕೀಲಿಯಲ್ಲಿ 'ಹ' ಇದೆಯೆಂದು ಯಾರು ಹೇಳಬೇಕು? ಕೆ.ಪಿ. ರಾವ್ ವಿನ್ಯಾಸದಲ್ಲಿ ಎಚ್ ಒತ್ತಿದರೆ 'ಹ'. ಗೆದ್ದದ್ದು ಇದೇ. ಎಲ್ಲವೂ ಸಲೀಸೆಂದಲ್ಲ: ಟ, ಡ ಗಳಿಗೆ ಕ್ಯೂ, ಡಬ್ಲ್ಯು ಎಂಬುದನ್ನು ಬಾಯಿಪಾಠ ಮಾಡಲೇಬೇಕು.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅದರಲ್ಲಿ ಹಲಂತದ ಕೀಲಿಯೂ ಬೇಕಿಲ್ಲ, ಆದರೆ 'ಡ'ದ ಅಕಾರವನ್ನು ಒತ್ತಬೇಕು. ಬ್ಯಾಡಗಿಗೆ ಅಲ್ಲಿಯೂ 7 ಕೀಲಿಗಳೇ. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಕೆ.ಪಿ. ರಾವ್ ವಿನ್ಯಾಸವನ್ನೇ ಆಧರಿಸಿತು. ಸರಕಾರಿ ಕಚೇರಿಗಳಿಗೆ ಹೊಕ್ಕದ್ದೂ ಅದೇ.

ಆದರೆ ಸುಲಭವಾದದ್ದು ಕೀಲಿಮಣೆಯ ಮೇಲೆ ಮಾತ್ರ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯದು, 2001ರ 7.0 ಅದರ ಕೊನೆಯ ಆವೃತ್ತಿ. ಆದ್ದರಿಂದ ಧ್ವನಿಯಾಗಿ ಒತ್ತಿದ ಅಕ್ಷರಗಳನ್ನು ತಂತ್ರಾಂಶ ಮತ್ತೆ ತುಂಡುಗಳಾಗಿಯೇ ಪುಟದೊಳಗೆ ಕೂರಿಸುತ್ತಿತ್ತು, ಅದೂ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ. ಹಾವೇರಿಯಲ್ಲಿ ಸಿದ್ಧವಾದ ಕಡತವನ್ನು ಆ ಫಾಂಟ್ ಇಲ್ಲದ ಬೇರೆ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೊಸಬನಿಂದ ಬಚ್ಚಿಟ್ಟ ತೊಡಕು ಕಡತದೊಳಗೆ ಉಳಿದಿತ್ತು.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಜಾಗ ದೊರೆತಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಮೂಡುತ್ತಲೂ ಇತ್ತು. ಪುಟವಿನ್ಯಾಸದ ತಂತ್ರಾಂಶಗಳು ಅದನ್ನು ಸರಿಯಾಗಿ ಜೋಡಿಸಲು ಇನ್ನೂ ಹತ್ತು ವರ್ಷ ತೆಗೆದುಕೊಂಡವು. ಆ ನಡುವೆ ತಯಾರಾದ ಊರ ಇತಿಹಾಸ, ಶಾಲೆಯ ಸ್ಮರಣ ಸಂಚಿಕೆ, ಕವನ ಸಂಕಲನಗಳನ್ನು ಈಗ ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ತರಬೇಕಾಗಿದೆ. ತೊಡಕು ಸಾಮಾನ್ಯವಾಗಿ ಅರ್ಕಾವತ್ತಿನಲ್ಲಿ. 'ಕಾರ್ಯ' ಎಂಬಲ್ಲಿ ಬಾಯಿಗೆ ಮೊದಲು ಬರುವುದು ರಕಾರ, ಕಣ್ಣಿಗೆ ಮೊದಲು ಕಾಣುವುದು ಯಕಾರ. ಹಳೆಯ ಕಡತ ಇಟ್ಟುಕೊಂಡಿರುವುದು ಕಣ್ಣಿನ ಕ್ರಮವನ್ನು. ಯೂನಿಕೋಡ್ ಕೇಳುವುದು ಬಾಯಿಯ ಕ್ರಮವನ್ನು. ಪರಿವರ್ತಕ ಇಲ್ಲಿ ಎಡವಿದರೆ ಕೂತು ತಿದ್ದುವ ಕೆಲಸ ಮನುಷ್ಯನದೇ.