ಹಲ್ಲಿಲ್ಲದ ‘ಹಲ್ಲುಬಾಯಿ’



ಹೆಸರಿನಲ್ಲಿ ಹಲ್ಲಿದ್ದು ಬಾಯಲ್ಲಿ ಹಲ್ಲಿಲ್ಲದ ಪ್ರಾಣಿಯೊಂದರ ಕಥೆಯನ್ನು ಇಂದು ನೋಡೋಣ. ಅದು ಸಮುದ್ರದ ಒಂದು ಪುಟ್ಟ ಬಸವನಹುಳು. ಉದ್ದ ಕೆಲವೇ ಮಿಲಿಮೀಟರ್. ಮೈಮೇಲೆ ಗೋಪುರದಂತೆ ಸುತ್ತಿದ ಚಿಪ್ಪು. 1803ರಲ್ಲಿ ಜಾರ್ಜ್ ಮಾಂಟೇಗು ಅವರು ಬ್ರಿಟನ್ನಿನ ಚಿಪ್ಪುಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಇಂತಹ ಹಲವನ್ನು ವರ್ಣಿಸಿದರು. 1813ರಲ್ಲಿ ಜಾನ್ ಫ್ಲೆಮಿಂಗ್ ‘ಒಡೊಸ್ಟೋಮಿಯ’ ಎಂಬ ಕುಲನಾಮವನ್ನು ಕೊಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಹಲ್ಲುಬಾಯಿ’ ಎಂದು ಅರ್ಥ. ಆದರೆ ಆ ಹಲ್ಲು ಪ್ರಾಣಿಯದಲ್ಲ. ಚಿಪ್ಪಿನ ದ್ವಾರದೊಳಗೆ ಹಲ್ಲಿನಂತೆ ಕಾಣುವ ಒಂದು ಮಡಿಕೆ, ಅಷ್ಟೆ.

ಬಸವನಹುಳುಗಳಲ್ಲಿ ಹೆಚ್ಚಿನವುಗಳ ಬಾಯಲ್ಲಿ ‘ರಾಡ್ಯುಲಾ’ ಎಂಬ ಅಂಗವಿರುತ್ತದೆ. ಅದು ಅರದಂತೆ ಸಾಲು ಸಾಲು ಹಲ್ಲುಗಳುಳ್ಳ ಪಟ್ಟಿ. ಅದರಿಂದಲೇ ಅವು ಆಹಾರವನ್ನು ಕೆರೆದು ತಿನ್ನುತ್ತವೆ. ನಮ್ಮ ಹಲ್ಲುಬಾಯಿಗೆ ಈ ಪಟ್ಟಿಯೇ ಇಲ್ಲ. ಹಾಗಾದರೆ ಅದು ತಿನ್ನುವುದೇನನ್ನು? ತಿನ್ನುವುದು ಹೇಗೆ? ಒಣ ಚಿಪ್ಪುಗಳು ಇದಕ್ಕೆ ಉತ್ತರ ಹೇಳಲಾರವು.

ಉತ್ತರ ಸ್ಪಷ್ಟವಾದದ್ದು 1949ರಲ್ಲಿ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಾದ ವೆರಾ ಫ್ರೆಟರ್ ಮತ್ತು ಅಲಸ್ಟೇರ್ ಗ್ರಹಾಂ ಈ ಪ್ರಾಣಿಗಳ ದೇಹರಚನೆಯನ್ನೂ ಜೀವನಕ್ರಮವನ್ನೂ ಒಟ್ಟಿಗೆ ಅಭ್ಯಸಿಸಿ, ಪ್ಲಿಮತ್‌ನ ಸಾಗರ ಜೀವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವು ಪರೋಪಜೀವಿಗಳೆಂದು ಅವರು ತೋರಿಸಿದರು. ಒಂದು ಜಾತಿ ಕೊಳವೆಹುಳುವಿನ ಕೊಳವೆಯ ಅಂಚಿನಲ್ಲಿ ಕಾದು ಕೂರುತ್ತದೆ. ಇನ್ನೊಂದು ಕಪ್ಪೆಚಿಪ್ಪಿನ ಅಂಚಿನಲ್ಲಿ. ಆತಿಥೇಯ ಪ್ರಾಣಿ ಮೈ ಹೊರಚಾಚಿದೊಡನೆ, ಹುಳುವಿನ ದೇಹದೊಳಗೆ ಮಡಚಿಕೊಂಡಿದ್ದ ಉದ್ದನೆಯ ಸೊಂಡಿಲು ಹೊರಬರುತ್ತದೆ. ಅದರ ತುದಿಯ ಹೀರುಬಟ್ಟಲು ಆತಿಥೇಯದ ಮೈಗೆ ಅಂಟಿಕೊಳ್ಳುತ್ತದೆ. ಒಳಗಿನ ಸೂಜಿ ಚರ್ಮವನ್ನು ಚುಚ್ಚುತ್ತದೆ. ಅದರ ಹಿಂದಿರುವ ಸ್ನಾಯುಗಳ ಪಂಪು ದೇಹದ್ರವವನ್ನು ಹೀರುತ್ತದೆ. ದವಡೆಯ ಭಾಗಗಳೇ ಮಾರ್ಪಟ್ಟು ಈ ಸೂಜಿ ಆಗಿದೆ ಎಂಬುದು ಅವರ ತೀರ್ಮಾನ. ಜೊಲ್ಲುಗ್ರಂಥಿಗಳ ನಾಳಗಳೂ ಸೂಜಿಯತ್ತಲೇ ಸಾಗುತ್ತವೆ.

ಈ ಅಧ್ಯಯನದ ಫಲ ಆಹಾರದ ಪ್ರಶ್ನೆಗಷ್ಟೇ ಸೀಮಿತವಾಗಲಿಲ್ಲ. ಅಲ್ಲಿಯವರೆಗೆ ಇವನ್ನು ಸಾಮಾನ್ಯ ಕಡಲ ಬಸವನಹುಳುಗಳ ಗುಂಪಿನಲ್ಲೇ ಎಣಿಸುವುದು ರೂಢಿಯಾಗಿತ್ತು. ಆದರೆ ಇವು ಉಭಯಲಿಂಗಿಗಳು; ಮರಿಹಂತದ ಚಿಪ್ಪು ಎಡಕ್ಕೆ ಸುತ್ತಿದ್ದರೆ ಬೆಳೆದ ಚಿಪ್ಪು ಬಲಕ್ಕೆ ಸುತ್ತಿರುತ್ತದೆ. ಇಂತಹ ಲಕ್ಷಣಗಳನ್ನು ಗಮನಿಸಿದ ಫ್ರೆಟರ್ ಮತ್ತು ಗ್ರಹಾಂ ಇವನ್ನು ಕಡಲ ಗೊಂಡೆಹುಳುಗಳ ಸಂಬಂಧಿಗಳೆಂದು ವಾದಿಸಿದರು. 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಮತ್ತೂ ಮುಂದೆ ಹೋಗಿ, ನೆಲದ ಮೇಲಿನ ಬಸವನಹುಳುಗಳು ಸೇರಿರುವ ಶಾಖೆಯಲ್ಲೇ ಇವನ್ನು ಇರಿಸಿತು. ತೋಟದಲ್ಲಿ ನಾವು ಕಾಣುವ ಬಸವನಹುಳುವಿಗೆ ಈ ಕಡಲ ರಕ್ತಹೀರುಕ ದೂರದ ದಾಯಾದಿ!

ಫ್ಲೆಮಿಂಗ್ ಕೊಟ್ಟ ಹೆಸರು ಇಂದಿಗೂ ಬಳಕೆಯಲ್ಲಿದೆ. ಆ ಹೆಸರಿನಿಂದ ಸೂಜಿಯವರೆಗೆ ಬರಲು 136 ವರ್ಷ ಹಿಡಿಯಿತು. ನಿಮ್ಮ ಕಾಲೇಜಿನ ಸಂಗ್ರಹಾಲಯದಲ್ಲಿ ಮುಂದೆ ಯಾವುದಾದರೂ ಚಿಪ್ಪನ್ನು ಕಂಡಾಗ ಅದರ ಹೆಸರನ್ನು ಬರೆದುಕೊಳ್ಳಿ. ಜೊತೆಗೆ, ಇದರೊಳಗಿದ್ದ ಜೀವಿ ಹೇಗೆ ಬದುಕುತ್ತಿತ್ತು ಎಂದೂ ನಿಮ್ಮ ಅಧ್ಯಾಪಕರನ್ನು ಕೇಳಿ.