ರೋಮನ್ ಸಾಮ್ರಾಜ್ಞಿಯರ ನಾಣ್ಯಗಳು

ಪ್ರಾಚೀನ ರೋಮ್‌ನಲ್ಲಿ ಚಕ್ರವರ್ತಿಯ ಪತ್ನಿ, ತಾಯಿ, ಸಹೋದರಿ ಅಥವಾ ಮಗಳ ಮುಖಚಿತ್ರದೊಂದಿಗೆ ಟಂಕಿಸಲಾದ ನಾಣ್ಯಗಳು. ನಾಣ್ಯಸಂಗ್ರಹದ ಒಂದು ಪ್ರತ್ಯೇಕ ವಿಭಾಗ. ಕ್ರಿ.ಶ. 54ರ ನಾಣ್ಯಗಳಲ್ಲಿ ನೀರೋ ಮತ್ತು ಅವನ ತಾಯಿ ಅಗ್ರಿಪ್ಪಿನ ಎದುರುಬದುರಾಗಿದ್ದಾರೆ. ಮುಮ್ಮುಖದ ಬರಹ ಅಗ್ರಿಪ್ಪಿನಳದೇ.

ಆಂಟೊನೈನಸ್ ಪಯಸ್ 140ರಲ್ಲಿ ತೀರಿಕೊಂಡ ಪತ್ನಿ ಹಿರಿಯ ಫೌಸ್ಟಿನಳನ್ನು ದೇವತೆಯೆಂದು ಸಾರುವ ನಾಣ್ಯಗಳನ್ನು ಭಾರೀ ಸಂಖ್ಯೆಯಲ್ಲಿ ಹೊರಡಿಸಿದ. ಆದ್ದರಿಂದ ಅವಳ ಬೆಳ್ಳಿಯ ಡಿನೇರಿಯಸ್‌ಗಳು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಕಿರಿಯ ಫೌಸ್ಟಿನ ಮತ್ತು ಜೂಲಿಯ ಡೊಮ್ನಳ ನಾಣ್ಯಗಳೂ ಹೇರಳ. 3ನೆಯ ಶತಮಾನದ ಡ್ರಯಾಂಟಿಲ್ಲ, ಕಾರ್ನೀಲಿಯ ಸೂಪರರ ನಾಣ್ಯಗಳು ಅತಿ ವಿರಳ.

ಹಿಮ್ಮುಖದಲ್ಲಿ ಜೂನೊ, ವೀನಸ್, ಸೀರೀಸ್ ದೇವತೆಗಳು ಅಥವಾ ಸಂತಾನಸಮೃದ್ಧಿ, ಪಾತಿವ್ರತ್ಯ ಮುಂತಾದ ಗುಣಗಳ ಸ್ತ್ರೀರೂಪಗಳಿರುತ್ತವೆ. ಬದಲಾಗುತ್ತಿದ್ದ ಕೇಶವಿನ್ಯಾಸ ಕಾಲನಿರ್ಣಯಕ್ಕೆ ನೆರವಾಗುತ್ತದೆ. 215ರಲ್ಲಿ ಬಂದ ಆಂಟೊನಿನಿಯಾನಸ್ ನಾಣ್ಯದಲ್ಲಿ ಸಾಮ್ರಾಜ್ಞಿಯ ಎದೆಚಿತ್ರದ ಕೆಳಗೆ ಅರ್ಧಚಂದ್ರವಿದ್ದರೆ, ಚಕ್ರವರ್ತಿಯ ತಲೆಯ ಮೇಲೆ ಕಿರಣಕಿರೀಟವಿರುತ್ತದೆ.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಕ್ಕಿರುವ ಟೈಬೀರಿಯಸನ ಡಿನೇರಿಯಸ್‌ನ ಹಿಮ್ಮುಖದಲ್ಲಿ ಕುಳಿತ ಸ್ತ್ರೀಯೊಬ್ಬಳಿದ್ದಾಳೆ; ಅವಳನ್ನು ಅವನ ತಾಯಿ ಲಿವಿಯಳೆಂದು ಗುರುತಿಸುವುದು ವಾಡಿಕೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟೈಬೀರಿಯಸನ ನಾಣ್ಯಗಳು ದೊರೆತಿವೆ.

ಎರಕದ ನಕಲಿಗಳಲ್ಲಿ ಅಂಚಿನ ಬೆಸುಗೆಗೆರೆ, ಮೇಲ್ಮೈಯ ಗುಳ್ಳೆಗುಳಿಗಳು ಕಾಣಬಹುದು. ತೂಕ, ಅಚ್ಚಿನ ಹೋಲಿಕೆ, ಹಿಂದಿನ ಒಡೆತನದ ದಾಖಲೆಗಳನ್ನೂ ಸಂಗ್ರಹಕಾರರು ಪರಿಶೀಲಿಸುತ್ತಾರೆ. ಭಾರತದಲ್ಲಿ 100 ವರ್ಷ ಮೀರಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ.